ಐದು ಡ್ರಾಯರ್, ಒಳಗೆಲ್ಲಾ ಮರದ ಗೂಟ. ಇದು ಏನಿಡುವ ಕಪಾಟು?

ತಿಪಟೂರು ಸೊಸೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಷಿಗನ್‌ನಲ್ಲಿ, ಲ್ಯಾನ್ಸಿಂಗ್ ಹತ್ತಿರ. ಹೋದ ಶನಿವಾರ ಒಂದು ಎಸ್ಟೇಟ್ ಸೇಲ್‌ಗೆ ಹೋಗಿದ್ದೆ. ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಚಮಚದಿಂದ ಮಂಚದವರೆಗೆ ಎಲ್ಲಕ್ಕೂ ಬೆಲೆಚೀಟಿ ಅಂಟಿಸಿ ಮನೆಯಲ್ಲೇ ಮಾರಿಬಿಡುತ್ತಾರೆ. ನಾನು ಹೋಗಿದ್ದು ಎರಕದ ಕಾವಲಿ ಸಿಗುತ್ತದೇನೋ ಅಂತ. ತಂದಿದ್ದು ಒಂದು ಕಪಾಟು. ಮಧ್ಯಾಹ್ನದ ಮೇಲೆ ಅರ್ಧ ಬೆಲೆ, 140 ಡಾಲರ್.

ಓಕ್ ಮರ. ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ. ಮುಂದೆ ಒಂದೇ ಬಾಗಿಲು, ಬೀಗ ಇದೆ, ಕೀ ಇಲ್ಲ. ಬಾಗಿಲು ತೆಗೆದರೆ ಐದು ಡ್ರಾಯರ್. ಡ್ರಾಯರ್ ಎಳೆದರೆ ಏನೂ ಇಡಲು ಜಾಗವೇ ಇಲ್ಲ! ತಳದಿಂದ ಮರದ ಗೂಟಗಳು ಎದ್ದು ನಿಂತಿವೆ. ಆರು ಸಾಲು, ಸಾಲಿಗೆ ನಾಲ್ಕು. ಐದೂ ಡ್ರಾಯರ್ ಸೇರಿ 120 ಇರಬೇಕಿತ್ತು, ಏಳು ಮುರಿದುಹೋಗಿವೆ. ಗೂಟ ನನ್ನ ಹೆಬ್ಬೆರಳಿಗಿಂತ ದಪ್ಪ.

ಮನೆಯಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ. ನಮ್ಮ ಅತ್ತೆ ಆರು ತಿಂಗಳಿಗೆ ಅಂತ ತಿಪಟೂರಿಂದ ಬಂದಿದ್ದಾರೆ. ನೋಡಿದ ತಕ್ಷಣ "ಇದು ಬಳೆ ಇಡೋ ಪೆಟ್ಟಿಗೆ ಕಣೇ" ಅಂದರು. ಒಳಗೆ ಹೋಗಿ ಎರಡು ಡಜನ್ ಬಳೆ ತಂದು ಗೂಟಕ್ಕೆ ಹಾಕಿ ತೋರಿಸಿಯೂ ಬಿಟ್ಟರು. ಚೆನ್ನಾಗಿಯೇ ಕೂತವು! ಮಾರಿದ ಹೆಂಗಸು ಹೇಳಿದ್ದು ಹೊಲಿಗೆ ದಾರದ ಉಂಡೆ ಇಡುವುದಕ್ಕೆ ಅಂತ. ನಮ್ಮ ಮನೆಯವರಿಗೆ ಎರಡೂ ಬೇಡ. ಗೂಟಗಳನ್ನು ಬುಡಕ್ಕೆ ಕೊಯ್ದು ಹಾಕಿದರೆ ಚಾರ್ಜರು, ವೈರು ಇಡಲು ಒಳ್ಳೇ ಡ್ರಾಯರ್ ಆಗುತ್ತದೆ ಅನ್ನುತ್ತಾರೆ.

ಇನ್ನೊಂದು ವಿಷಯ. ಕೆಳಗಿನ ಡ್ರಾಯರಿನಲ್ಲಿ ಮೂರು ರಟ್ಟಿನ ಡಬ್ಬಿ ಇದ್ದವು. ಪೌಡರ್ ಡಬ್ಬಿಯ ಹಾಗೆ ಉರುಟು. ಮೇಲೆ ಒಬ್ಬ ಗಂಡಸಿನ ಚಿತ್ರ. ಒಳಗೆ ಪೈಪಿನ ತುಂಡಿನಂಥದ್ದು, ಎರಡು ನೀಲಿ, ಒಂದು ಕಪ್ಪು. ಕಪ್ಪಿನ ಮೇಲೆ ಬಿಳೀ ಚುಕ್ಕೆಗಳು. ಧೂಳು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ನೀಲಿಯವನ್ನೂ ಹಾಗೇ ಒಳಗೆ ಹೊರಗೆ ಒರೆಸಿಟ್ಟೆ.

ಕಪಾಟಿನ ಬೆನ್ನಿಗೆ ಒಂದು ಕಾಗದದ ಚೀಟಿ ಇದೆ. ಮುಕ್ಕಾಲು ಹರಿದಿದೆ. 'ಸ್ಯಾಗಿನಾ, ಮಿಷಿಗನ್' ಅಂತ ಮಾತ್ರ ಓದಲು ಬರುತ್ತದೆ.

ಇದು ಏನು ಅಂತ ಯಾರಿಗಾದರೂ ಗೊತ್ತಾ? ಗೂಟ ಕೊಯ್ಯಬಹುದಾ? ಮೇಲಿನ ಪಾಲಿಷ್ ಕಪ್ಪಗಾಗಿ ಮೊಸಳೆ ಚರ್ಮದ ಹಾಗೆ ಒಡೆದಿದೆ. ಉಜ್ಜುವ ಮೆಷಿನ್ ಬಾಡಿಗೆಗೆ ತಂದು, ಎಲ್ಲ ಕಿತ್ತು, ಹೊಸದಾಗಿ ವಾರ್ನಿಷ್ ಹೊಡೆಯಬೇಕು ಅಂತಿದ್ದೇನೆ. ಶುಕ್ರವಾರಕ್ಕೆ ಮೆಷಿನ್ ಹೇಳಿಟ್ಟಿದ್ದೇನೆ.

ಗಾಂಧಿಬಜಾರ್ ಫಿಲ್ಟರ್:

ದಾರದ್ದೇ. ನಮ್ಮ ಟೈಲರ್ ಅಂಗಡಿಯಲ್ಲೂ ಹಲಗೆಗೆ ಮೊಳೆ ಹೊಡೆದು ರೀಲು ಸಿಕ್ಕಿಸಿರುತ್ತಾರೆ. ಗೂಟ ತೆಗೆಸಿ, ಉಪಯೋಗಕ್ಕೆ ಬರುವ ಹಾಗೆ ಮಾಡಿಕೊಳ್ಳಿ. ಸುಮ್ನೆ ಜಾಗ ತಿನ್ನೋ ಸಾಮಾನು ಯಾಕೆ?

ಹಳೇ ಪ್ಲೇಟು:

ತಂಗಿ, ಮೊದಲು ಆ ಗರಗಸ ಅಡಗಿಸಿಡಿ. ಶುಕ್ರವಾರದ ಮೆಷಿನ್ನೂ ಬೇಡ ಅಂತ ಫೋನ್ ಮಾಡಿ. ಆಮೇಲೆ ಮುಂದಕ್ಕೆ ಓದಿ.

ನಾನು ಮೈಸೂರಿನವನು. 1984ರಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಕ್ಯಾಮ್ಡನ್ನಿಗೆ ಇಪ್ಪತ್ತು ನಿಮಿಷದ ದಾರಿ. ಗ್ರಾಮಫೋನ್ ಮಾಡುತ್ತಿದ್ದ ವಿಕ್ಟರ್ ಕಂಪನಿ ಇದ್ದ ಊರು ಅದು. ಇಲ್ಲಿ ಹಳೇ ಸಾಮಾನಿನ ಅಂಗಡಿಗೆ ಹೋದರೆ ಕಾಲಿಗೆ ಗ್ರಾಮಫೋನ್ ತೊಡರುತ್ತದೆ. ಹಾಗೆ ತೊಡರಿ ತೊಡರಿ ನಮ್ಮ ನೆಲಮಾಳಿಗೆಯಲ್ಲಿ ಈಗ ಬಟ್ಟೆ ಒಗೆಯುವ ಮೆಷಿನ್ ತಲುಪಬೇಕಾದರೆ ಅಡ್ಡ ತಿರುಗಿ ನಡೆಯಬೇಕು.

ನಿಮ್ಮದು ಸಿಲಿಂಡರ್ ಕಪಾಟು, ಅಂದರೆ ಹಾಡಿನ ಕೊಳವೆ ಇಡುವಂಥದ್ದು. ಹಾಡು ತಟ್ಟೆಯಾಗುವ ಮೊದಲು ಕೊಳವೆಯಾಗಿತ್ತು. ಎಡಿಸನ್ 1877ರಲ್ಲಿ ಮಾಡಿದ ಯಂತ್ರ ಧ್ವನಿಯನ್ನು ಹಿಡಿದಿದ್ದು ಉರುಳೆಗೆ ಸುತ್ತಿದ ತವರದ ಹಾಳೆಯಲ್ಲಿ. ಆಮೇಲೆ ಮೇಣದ ಕೊಳವೆ ಬಂತು. ನಾಲ್ಕೂಕಾಲು ಇಂಚು ಉದ್ದ, ಎರಡೂಕಾಲು ಇಂಚು ಅಡ್ಡಗಲ. ಒಳಗೆ ಟೊಳ್ಳು. ಯಂತ್ರದ ಉರುಳೆಗೆ ಬಳೆಯ ಹಾಗೆ ತೊಡಿಸುವುದು. ನಿಮ್ಮ ಅತ್ತೆ ಪೂರ್ತಿ ತಪ್ಪು ಹೇಳಿಲ್ಲ ನೋಡಿ.

ಹಾಡು ಇರುವುದು ಹೊರಮೈ ಮೇಲೆ, ಇಂಚಿಗೆ ನೂರು ಗೆರೆಗಳಲ್ಲಿ. ಅದು ಮೇಣ. ಮಲಗಿಸಿದರೆ ಮೈ ಉಜ್ಜುತ್ತದೆ. ಒಂದರ ಮೇಲೊಂದು ಪೇರಿಸಲು ಆಗುವುದಿಲ್ಲ. ಆದ್ದರಿಂದ ಹೊರಗಡೆ ಮುಟ್ಟದೆ ಒಳಗಿನಿಂದಲೇ ಹಿಡಿಯಬೇಕು. ಕೈಯಲ್ಲಿ ಎತ್ತುವುದೂ ಹಾಗೇ: ಎರಡು ಬೆರಳು ಒಳಗೆ ತೂರಿಸಿ, ಸ್ವಲ್ಪ ಅಗಲಿಸಿ, ಎತ್ತುವುದು. ನಿಮ್ಮ ಗೂಟ ಆ ಎರಡು ಬೆರಳಿನ ಕೆಲಸ ಮಾಡುತ್ತದೆ. ಗೂಟ ಕೊಯ್ದರೆ ಉಳಿಯುವುದು ಐದು ಡ್ರಾಯರಿನ ಒಂದು ಪೆಟ್ಟಿಗೆ. ಅಂಥದ್ದು ಯಾವ ಫರ್ನಿಚರ್ ಅಂಗಡಿಯಲ್ಲಾದರೂ ಸಿಗುತ್ತದೆ.

ಫಿಲ್ಟರ್ ಅವರೇ, ದಾರದ ಕಪಾಟೂ ಇತ್ತು. ಬೇಕಾದಷ್ಟು. ಆದರೆ ಅವುಗಳ ಡ್ರಾಯರಿಗೆ ಆಳವೇ ಇರುವುದಿಲ್ಲ, ಒಂದು ರೀಲು ಹಿಡಿದರೆ ಸಾಕು. ದಾರದ ಕಂಪನಿಗಳು ಅಂಗಡಿಗೆ ಕೊಡುತ್ತಿದ್ದ ಸಾಮಾನಾದ್ದರಿಂದ ಮುಂದುಗಡೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಈಗ ತಂಗಿ, ನೀವು ಟೇಪು ಹಿಡಿಯಿರಿ. ಡ್ರಾಯರಿನ ಒಳಗಿನ ಆಳ ನಾಲ್ಕೂವರೆ ಇಂಚಿಗಿಂತ ಜಾಸ್ತಿ ಇರಬೇಕು. ಒಂದು ಗೂಟದ ನಡುವಿನಿಂದ ಪಕ್ಕದ್ದರ ನಡುವಿಗೆ ಎರಡೂವರೆ ಇಂಚಾದರೂ ಇರಬೇಕು. ಇದ್ದರೆ ಇನ್ನು ಅನುಮಾನ ಬೇಡ.

ಸ್ಯಾಗಿನಾ ಅಂತ ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದು ಮರದ ಮಿಲ್ಲುಗಳ ಊರು. ಅಲ್ಲಿ ಹರ್ಜಾಗ್ ಆರ್ಟ್ ಫರ್ನಿಚರ್ ಅಂತ ಒಂದು ಕಂಪನಿ ಇತ್ತು. ಸಿಲಿಂಡರಿಗೂ ಪ್ಲೇಟಿಗೂ ಕಪಾಟು ಮಾಡುತ್ತಿತ್ತು. ನಿಮ್ಮ ಚೀಟಿಯಲ್ಲಿ ಹೆಸರು ಹರಿದುಹೋಗಿರುವಾಗ ಅದೇ ಅಂತ ನಾನು ಆಣೆ ಮಾಡುವುದಿಲ್ಲ. ಚೀಟಿಯನ್ನು ಮಾತ್ರ ದಯವಿಟ್ಟು ಕೀಳಬೇಡಿ, ಒರೆಸಬೇಡಿ.

ಬೀಗ ಯಾಕೆ ಅಂತ ಕೇಳಲಿಲ್ಲ ನೀವು. ಲೆಕ್ಕ ಹಾಕಿ. ಎಡಿಸನ್ ಸ್ಟ್ಯಾಂಡರ್ಡ್ ಅನ್ನುವ ಯಂತ್ರ 1898ರಲ್ಲಿ ಬಂದಾಗ 20 ಡಾಲರ್. ಅದಾದ ಕೆಲವು ವರ್ಷಕ್ಕೆ ಅಚ್ಚಿನಲ್ಲಿ ಎರಕ ಹೊಯ್ದ ಕಪ್ಪು ಸಿಲಿಂಡರಿನ ಬೆಲೆ 35 ಸೆಂಟಿಗೆ ಇಳಿದಿತ್ತು. ನಿಮ್ಮ ಕಪಾಟು ತುಂಬಬೇಕಾದರೆ 120 ಸಿಲಿಂಡರ್, 42 ಡಾಲರ್. ಎರಡು ಯಂತ್ರದ ದುಡ್ಡು! ಒಂದೊಂದರಲ್ಲಿ ಎರಡೇ ನಿಮಿಷದ ಹಾಡು. ಅಂದರೆ ಇಷ್ಟೆತ್ತರದ ಕಪಾಟಿನಲ್ಲಿ ಒಟ್ಟು ನಾಲ್ಕು ಗಂಟೆ ಸಂಗೀತ. ಬೀಗ ಹಾಕದೆ ಇನ್ನೇನು ಮಾಡುತ್ತಾರೆ?

ಇನ್ನೊಂದು ತಮಾಷೆ. ಮೊದಮೊದಲು ಕೊಳವೆಯ ಮೇಲೆ ಹಾಡಿನ ಹೆಸರೇ ಇರುತ್ತಿರಲಿಲ್ಲ. ಹೆಸರು ಇರುತ್ತಿದ್ದದ್ದು ಡಬ್ಬಿಯ ಮೇಲೆ, ಇಲ್ಲದಿದ್ದರೆ ಒಳಗಿನ ಒಂದು ಚೀಟಿಯಲ್ಲಿ. ಡಬ್ಬಿಯಿಂದ ತೆಗೆದು ಗೂಟಕ್ಕೆ ಸಿಕ್ಕಿಸಿದಿರೋ, 24 ಕಪ್ಪು ಕೊಳವೆ, ಯಾವುದು ಯಾವುದೋ! ಆದ್ದರಿಂದ ಎಷ್ಟೋ ಸಿಲಿಂಡರುಗಳಲ್ಲಿ ಹಾಡಿಗೆ ಮೊದಲು ಒಬ್ಬ ಗಟ್ಟಿ ಗಂಟಲಲ್ಲಿ ಹಾಡಿನ ಹೆಸರು, ಹಾಡಿದವರ ಹೆಸರು, ಕಂಪನಿ ಹೆಸರು ಕೂಗಿ ಹೇಳುತ್ತಾನೆ. ನಮ್ಮ ಗಾಯಕಿ ಗೌಹರ್ ಜಾನ್ ಪ್ಲೇಟಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅನ್ನುತ್ತಾರಲ್ಲ, ಅದೂ ಇಂಥದ್ದೇ ಬಾಬತ್ತು. 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ್ದನ್ನು ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರು ಹಾಡಿದ್ದು ಅಂತ ತಿಳಿಯಬೇಕಲ್ಲ. ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದರು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ನಮ್ಮಜ್ಜಿ ಅವರ ವಿಷಯ ಎತ್ತಿದಾಗೆಲ್ಲ ಧ್ವನಿ ಇಳಿಸಿ ಮಾತಾಡುತ್ತಿದ್ದರು. ಯಾಕೆ ಅಂತ ಆಗ ಕೇಳಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ಬಗೆಯ ಕಪಾಟು ಜಾಸ್ತಿ ದಿನ ನಡೆಯಲಿಲ್ಲ. ಕಾರಣ ಇನ್ನೊಂದು ಕಪಾಟು. ಆಗಿನ ಯಂತ್ರಕ್ಕೆ ಉಮ್ಮತ್ತಿ ಹೂವಿನಂಥ ದೊಡ್ಡ ತುತ್ತೂರಿ ಇರುತ್ತಿತ್ತಲ್ಲ, ಅದು ಧೂಳು ತಿನ್ನುತ್ತಿತ್ತು, ಓಡಾಡುವವರ ತಲೆಗೆ ತಾಗುತ್ತಿತ್ತು. ಕ್ಯಾಮ್ಡನ್ನಿನ ವಿಕ್ಟರ್ ಕಂಪನಿಯ ಎಲ್ಡ್ರಿಜ್ ಜಾನ್ಸನ್ 1906ರಲ್ಲಿ ಆ ತುತ್ತೂರಿಯನ್ನೇ ಬಗ್ಗಿಸಿ ಕಪಾಟಿನೊಳಗೆ ಸೇರಿಸಿದ. ಹೆಸರು ವಿಕ್ಟ್ರೋಲಾ. ಮೇಲೆ ಮುಚ್ಚಳ, ಅದರ ಕೆಳಗೆ ತಟ್ಟೆ ತಿರುಗುವ ಜಾಗ. ನಡುವೆ ಎರಡು ಪುಟ್ಟ ಬಾಗಿಲು, ಧ್ವನಿ ಬರುವುದು ಅಲ್ಲಿಂದ. ಜೋರು ಬೇಕಾದರೆ ಬಾಗಿಲು ತೆರೆಯಿರಿ, ಮೆಲ್ಲಗೆ ಬೇಕಾದರೆ ಮುಚ್ಚಿ. ವಾಲ್ಯೂಮ್ ಗುಂಡಿ ಅಂದರೆ ಅದೇ! ಕೆಳಗೆ ಪ್ಲೇಟುಗಳ ಆಲ್ಬಂ ಇಡುವ ಜಾಗ. ಮೊದಲ ಕಪಾಟುಗಳನ್ನು ಮಾಡಿಕೊಟ್ಟದ್ದು ಫಿಲಡೆಲ್ಫಿಯಾದ ಪೂಲಿ ಅನ್ನುವ ಫರ್ನಿಚರ್ ಕಂಪನಿ. ಬೆಲೆ 200 ಡಾಲರ್. ಎಡಿಸನ್ ಸ್ಟ್ಯಾಂಡರ್ಡಿನ ಹತ್ತು ಪಟ್ಟು. ಆದರೂ ಜನ ಮುಗಿಬಿದ್ದರು, ಯಾಕಂದರೆ ಅದು ಯಂತ್ರದ ಹಾಗೆ ಕಾಣುತ್ತಿರಲಿಲ್ಲ, ಬೈಠಕ್ಕಿನ ಸಾಮಾನಿನ ಹಾಗೆ ಕಾಣುತ್ತಿತ್ತು.

ಎಡಿಸನ್ 1909ರಲ್ಲಿ ಆಂಬರೋಲಾ ಅಂತ ತಂದ. ಸಿಲಿಂಡರ್ ಯಂತ್ರ, ಒಳಗೇ ತುತ್ತೂರಿ, ಅದರ ಕೆಳಗೇ ಗೂಟದ ಡ್ರಾಯರ್. ಆಮೇಲೆ ಬೇರೆ ಕಪಾಟು ಯಾರಿಗೆ ಬೇಕು? ನಿಮ್ಮದು ಆ ಹೊತ್ತಿಗಿಂತ ಸ್ವಲ್ಪ ಮುಂಚಿನದ್ದು ಅಂತ ನನ್ನ ಅಂದಾಜು. ಎಡಿಸನ್ ಕಂಪನಿ 1929ರ ಅಕ್ಟೋಬರಿನಲ್ಲಿ ರೆಕಾರ್ಡು ಮಾಡುವುದನ್ನೇ ನಿಲ್ಲಿಸಿತು.

ಡಬ್ಬಿಯ ಮೇಲಿನ ಗಂಡಸು ಎಡಿಸನ್ನೇ. ಈಗ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒದ್ದೆ ಬಟ್ಟೆ ಹಾಕಬಾರದಿತ್ತು. ಕಪ್ಪಿನ ಮೇಲಿನ ಬಿಳಿ ಧೂಳಲ್ಲ, ಬೂಷ್ಟು. ಅದು ಮೇಣವನ್ನು ತಿಂದುಬಿಟ್ಟಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ನೀಲಿಯದು 1912ರಿಂದ ಮಾಡಿದ ಬ್ಲೂ ಆಂಬರಾಲ್, ನಾಲ್ಕು ನಿಮಿಷದ್ದು. ಮೇಲೆ ಸೆಲ್ಯುಲಾಯ್ಡ್, ಗಟ್ಟಿ ಮುಟ್ಟು. ಒಳಗೆ ಮಾತ್ರ ಪ್ಲಾಸ್ಟರ್, ನೀರು ಕುಡಿದರೆ ಊದಿಕೊಳ್ಳುತ್ತದೆ. ಊದಿಕೊಂಡರೆ ಯಂತ್ರದ ಉರುಳೆಗೆ ಸೇರುವುದಿಲ್ಲ, ಕೆಲವು ಸಲ ಮೇಲಿನ ನೀಲಿ ಸಿಪ್ಪೆಯೇ ಬಿರಿಯುತ್ತದೆ. ನೆರಳಲ್ಲಿ, ಗಾಳಿಗೆ ಬಿಟ್ಟು ಒಣಗಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ!

ತಿಪಟೂರು ಸೊಸೆ:

ಸಾರ್, ಅಳೆದೆ. ಆಳ ಐದೂಕಾಲು ಇಂಚು. ಗೂಟದಿಂದ ಗೂಟಕ್ಕೆ ಎರಡೂ ಮುಕ್ಕಾಲು. ಮೆಷಿನ್ ಬೇಡ ಅಂತ ಹೇಳಿಯಾಯಿತು. ಗರಗಸ ಅತ್ತೆಯ ಸೂಟ್‌ಕೇಸಿನಲ್ಲಿದೆ, ಅಲ್ಲಿ ನಮ್ಮ ಮನೆಯವರು ಕೈ ಹಾಕುವುದಿಲ್ಲ.

ಬೈದದ್ದಕ್ಕೆ ಬೇಜಾರಿಲ್ಲ. ಹೇರ್ ಡ್ರೈಯರ್ ಮಾತ್ರ... ನೀವು ಹೇಳುವ ಹೊತ್ತಿಗೆ ಒಂದಕ್ಕೆ ಹಿಡಿದಾಗಿತ್ತು. ಕಪ್ಪಿಗೆ. ಟಕ್ ಅಂತ ಸದ್ದಾಯಿತು, ಉದ್ದಕ್ಕೂ ಸೀಳು. ನನಗೆ ಅಳುವೇ ಬಂತು. ನೂರು ವರ್ಷಕ್ಕಿಂತ ಜಾಸ್ತಿ ಉಳಿದದ್ದು ನನ್ನ ಕೈಯಲ್ಲಿ ಎರಡು ದಿನಕ್ಕೆ ಹೋಯಿತು.

ನೀಲಿಯವು ಎರಡೂ ಚೆನ್ನಾಗಿವೆ. ಅಂಚಿನಲ್ಲಿ ಸಣ್ಣ ಬಿಳಿ ಅಕ್ಷರ, ನಂಬರ್ ಇದೆ. ಇದನ್ನು ಕೇಳಬೇಕಾದರೆ ಯಾವ ಯಂತ್ರ ಬೇಕು? ಮತ್ತೆ ಉಜ್ಜದೆ ಆ ಮೊಸಳೆ ಚರ್ಮವನ್ನು ಏನು ಮಾಡಲಿ?

ಚನ್ನಪಟ್ಟಣ ಲೇತು:

ಅಕ್ಕಾ, ಪಾಲಿಷ್ ವಿಷಯ ನಾನು ಹೇಳುತ್ತೇನೆ. ನಮ್ಮದು ಬೊಂಬೆ ಮಾಡುವ ಮನೆ. ನಾನು ಈಗ ಬೆಂಗಳೂರಿನಲ್ಲಿ ಹಳೇ ಮರದ ಸಾಮಾನು ರಿಪೇರಿ ಮಾಡುತ್ತೇನೆ.

ನಿಮ್ಮ ಕಪಾಟಿನ ಕಾಲಕ್ಕೆ ಜಾಸ್ತಿ ಬಳಸುತ್ತಿದ್ದದ್ದು ಅರಗಿನ ಪಾಲಿಷ್. ನಾವು ಬೊಂಬೆಗೆ ಹಾಕುವ ಅರಗೇ. ನಾವು ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಕರಗಿಸಿ ಹಿಡಿಸುತ್ತೇವೆ. ಕಪಾಟು ಮಾಡುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುತ್ತಾರೆ. ಅಷ್ಟೇ ವ್ಯತ್ಯಾಸ.

ಪರೀಕ್ಷೆ ಸುಲಭ. ಕಪಾಟಿನ ಕೆಳಗೆ, ಕಾಣದ ಕಡೆ, ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅರ್ಧ ನಿಮಿಷದಲ್ಲಿ ಅಂಟಂಟಾದರೆ ಅರಗು. ಅಂಟದಿದ್ದರೆ ಬೇರೆ ಏನೋ, ಅಲ್ಲಿಗೆ ನಿಲ್ಲಿಸಿ ಮತ್ತೆ ಇಲ್ಲಿ ಬರೆಯಿರಿ.

ಇಲ್ಲೊಂದು ಎಡವಟ್ಟು ಇದೆ. ಅಮೆರಿಕದಲ್ಲಿ 'ಮಿನರಲ್ ಸ್ಪಿರಿಟ್' ಅಂತ ಒಂದು ಡಬ್ಬ ಸಿಗುತ್ತದೆ, 'ಡಿನೇಚರ್ಡ್ ಆಲ್ಕೋಹಾಲ್' ಅಂತ ಇನ್ನೊಂದು. ನಾವು ಇಲ್ಲಿ ಸ್ಪಿರಿಟ್ ಅನ್ನುವುದು ಎರಡನೆಯದಕ್ಕೆ. ಮೊದಲನೆಯದು ಪೆಟ್ರೋಲಿನ ಜಾತಿ, ಅರಗನ್ನು ಕರಗಿಸುವುದಿಲ್ಲ. ಎರಡೂ ತನ್ನಿ. ಮೊದಲು ಮಿನರಲ್ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿ. ನೂರು ವರ್ಷದ ಮೇಣ, ಅಡಿಗೆ ಹೊಗೆ, ಕೈ ಜಿಡ್ಡು ಎಲ್ಲ ಬಿಡುತ್ತದೆ. ಅರ್ಧ ಕಪ್ಪು ಅಲ್ಲೇ ಹೋಗುತ್ತದೆ. ಚೆನ್ನಾಗಿ ಒಣಗಲಿ. ಆಮೇಲೆ ಕಪಾಟನ್ನು ಮಲಗಿಸಿ. ಮೆತ್ತನೆ ಬ್ರಷ್ಷಿನಲ್ಲಿ ಆಲ್ಕೋಹಾಲ್ ತೆಳ್ಳಗೆ, ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ ಹಚ್ಚಿ. ಒಡೆದ ಅರಗು ಕರಗಿ ತಾನೇ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಎರಡು ಮೂರು ಎಳೆತ, ಅಷ್ಟೇ, ಮತ್ತೆ ಮತ್ತೆ ತೀಡಬೇಡಿ. ಕಿಟಕಿ ತೆಗೆದಿರಿ. ಹತ್ತಿರ ಒಲೆ, ದೀಪ, ಊದುಬತ್ತಿ ಏನೂ ಬೇಡ. ಬೆಂಕಿ ಹತ್ತಿಕೊಳ್ಳುತ್ತದೆ.

ಉಜ್ಜಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಆ ಓಕಿನ ಮೇಲೆ ಅಡ್ಡಡ್ಡ ಹೊಳೆಯುವ ಪಟ್ಟೆ ಇದೆಯಾ, ಹುಲಿ ಪಟ್ಟೆಯ ಹಾಗೆ? ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿ, ಆಮೇಲೆ ಹಲಗೆ ಕೊಯ್ದರೆ ಆ ಪಟ್ಟೆ ಏಳುತ್ತದೆ. ಹಾಗೆ ಕೊಯ್ಯುವಾಗ ಮರ ಜಾಸ್ತಿ ಹಾಳಾಗುತ್ತದೆ, ಆದ್ದರಿಂದ ದುಬಾರಿ. ಎಷ್ಟೋ ಸಲ ತೆಳ್ಳಗೆ ಸೀಳಿ ಅಗ್ಗದ ಮರದ ಮೇಲೆ ಅಂಟಿಸಿರುತ್ತಾರೆ. ನಿಮ್ಮ ಮೆಷಿನ್ ಅದನ್ನು ಎರಡು ನಿಮಿಷದಲ್ಲಿ ತಿಂದು ಹಾಕುತ್ತದೆ.

ಡ್ರಾಯರ್ ಅಲ್ಲಾಡುತ್ತಿದ್ದರೆ ಈಗಿನ ಬಿಳಿ ಗೋಂದು ಹಾಕಬೇಡಿ. ಆಗ ಹಾಕಿದ್ದು ಮರವಜ್ರ, ದನದ ಚರ್ಮ ಕುದಿಸಿ ಮಾಡಿದ ಅಂಟು. ಬಿಸಿನೀರು ತಾಗಿಸಿದರೆ ಬಿಡುತ್ತದೆ, ಮತ್ತೆ ಅದರ ಮೇಲೇ ಹೊಸ ಮರವಜ್ರ ಹಿಡಿಯುತ್ತದೆ. ಬಿಳಿ ಗೋಂದು ಒಂದು ಸಲ ಹೋದರೆ ಆಮೇಲೆ ಯಾವುದೂ ಹಿಡಿಯುವುದಿಲ್ಲ.

ಏಳು ಗೂಟ ನಾನೇ ಕಡೆದು ಕೊಡುತ್ತೇನೆ. ಗಟ್ಟಿಯಾಗಿರುವ ಒಂದರ ಬುಡದ ದಪ್ಪ, ತುದಿಯ ದಪ್ಪ, ಎತ್ತರ ಬರೆದು ಕಳಿಸಿ. ಊರಿಗೆ ಬರುವವರು ಯಾರಾದರೂ ಇದ್ದರೆ ಅವರ ಕೈಲಿ ಕಳಿಸೋಣ.

ಗಾಂಧಿಬಜಾರ್ ಫಿಲ್ಟರ್:

ಸರಿ, ದಾರದ್ದಲ್ಲ. ಒಪ್ಪಿದೆ. ಆದರೆ ಗೂಟ ಅಮೆರಿಕಕ್ಕೆ ಬೆಂಗಳೂರಿಂದ ಹೋಗಬೇಕಾ? ಅಲ್ಲಿ ಮರ ಇಲ್ವಾ?

ಚನ್ನಪಟ್ಟಣ ಲೇತು:

ಮರ ಇದೆ ಅಣ್ಣಾ. ಕಡೆಯುವವನ ಕೂಲಿ ಕೇಳಿ ನೋಡಿ ಅಲ್ಲಿ.

ಸಾಧನಕೇರಿ ಮಳೆ:

ನಡುವೆ ಬಂದೆ, ಕ್ಷಮಿಸಿ. ಧಾರವಾಡದ ನಮ್ಮ ಹಳೇ ಮನೆಯಲ್ಲಿ ಅಜ್ಜನ ಕಾಲದ ಎಚ್‌ಎಂವಿ ಗ್ರಾಮಫೋನಿನ ನಿಲುವು ಪೆಟ್ಟಿಗೆ ಇದೆ, ಮುಚ್ಚಳ ಎತ್ತುವಂಥದ್ದು. ಕೆಳಗಿನ ಖಾನೆಯಲ್ಲಿ ಎಪ್ಪತ್ತು ಪ್ಲೇಟು ಒಂದರ ಮೇಲೊಂದು ಪೇರಿಸಿದ್ದಾರೆ. ಕೆಲವು ಹಪ್ಪಳದ ಹಾಗೆ ಸೊಟ್ಟಗಾಗಿವೆ. ಮೇಲೆ ಬೂಷ್ಟು. ಲೇತು ಅವರು ಹೇಳಿದ ಸ್ಪಿರಿಟ್ಟಿನಲ್ಲಿ ಒರೆಸಲೇನ್ರೀ? ಮುಚ್ಚಳದ ಮೂಲೆಯಲ್ಲಿ ಎರಡು ಪುಟ್ಟ ಬಟ್ಟಲು ಇವೆ, ಅವು ಏನಕ್ಕೆ?

ಹಳೇ ಪ್ಲೇಟು:

ಅಯ್ಯೋ, ಬೇಡ! ಸ್ಪಿರಿಟ್ ಹತ್ತಿರಕ್ಕೂ ತರಬೇಡಿ. ಲೇತು ಅವರು ಹೇಳಿದ ಅರಗೇ ನಿಮ್ಮ ಪ್ಲೇಟಿನಲ್ಲೂ ಇರುವುದು. ಅರಗು, ಕಲ್ಲಿನ ಪುಡಿ, ಕರಿ, ಸ್ವಲ್ಪ ಹತ್ತಿ ನಾರು ಸೇರಿಸಿ ಬಿಸಿಯಲ್ಲಿ ಒತ್ತಿದರೆ 78ರ ಪ್ಲೇಟು. ಸ್ಪಿರಿಟ್ ಹಾಕಿದರೆ ಹಾಡು ಬಟ್ಟೆಗೆ ಬರುತ್ತದೆ. ಕಪಾಟಿಗೆ ಮದ್ದಾದದ್ದು ಪ್ಲೇಟಿಗೆ ವಿಷ. ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ನಡುವಿನ ಕಾಗದಕ್ಕೆ ನೀರು ತಾಗದಿರಲಿ. ತಕ್ಷಣ ಒರೆಸಿ ನಿಲ್ಲಿಸಿ.

ಪೇರಿಸಿಡುವುದು ಇವತ್ತೇ ನಿಲ್ಲಲಿ. ಪ್ಲೇಟು ನಿಂತಿರಬೇಕು, ಪುಸ್ತಕದ ಹಾಗೆ, ನೆಟ್ಟಗೆ. ವಾಲಬಾರದು. ಆ ಕಾಲದ ಪ್ಲೇಟಿನ ಕಪಾಟುಗಳ ಒಳಗೆ ನೋಡಿ, ತೆಳು ಹಲಗೆಯ ನಿಲುವು ಸಂದುಗಳು, ಸಂದಿಗೊಂದು ನಂಬರು. ಬಾಗಿಲ ಒಳಗಡೆ ಪಟ್ಟಿ ಬರೆಯುವ ಕಾಗದ. ಏಳನೇ ನಂಬರಿನಲ್ಲಿ ಯಾವ ಹಾಡು ಅಂತ ಬರೆದಿಡುವುದು. ಸೊಟ್ಟಗಾದವನ್ನು ಬಿಸಿಲಲ್ಲಿಟ್ಟು ನೆಟ್ಟಗೆ ಮಾಡುತ್ತೇನೆ ಅಂತ ಹೋಗಬೇಡಿ.

ಬಟ್ಟಲು ಪ್ಲೇಟು ನುಡಿಸುವ ಮುಳ್ಳಿಗೆ. ಒಂದು ಹೊಸ ಮುಳ್ಳಿಗೆ, ಇನ್ನೊಂದು ಬಳಸಿದ್ದಕ್ಕೆ. ಉಕ್ಕಿನ ಮುಳ್ಳು ಒಂದು ಸಲಕ್ಕೆ ಒಂದೇ ಮಗ್ಗುಲು. ಪ್ಲೇಟಿನಲ್ಲಿರುವ ಕಲ್ಲಿನ ಪುಡಿ ಅದನ್ನು ಸವೆಸುತ್ತದೆ, ಸವೆದ ಮುಳ್ಳು ಮತ್ತೆ ಪ್ಲೇಟನ್ನು ಕೊಯ್ಯುತ್ತದೆ. ನಿಮ್ಮಜ್ಜ ಬಳಸಿದ ಮುಳ್ಳು ಇನ್ನೂ ಅಲ್ಲೇ ಇದ್ದರೆ ಬಿಸಾಡಿ, ಮೊಮ್ಮಕ್ಕಳ ಬೆರಳಿಗೆ ಚುಚ್ಚೀತು.

ತಂಗಿ, ಕಪ್ಪಿನದಕ್ಕೆ ಅಳಬೇಡಿ. ಬೂಷ್ಟು ಹಿಡಿದದ್ದು, ಅದರಲ್ಲಿ ಹಾಡಿಗಿಂತ ಮಂಡಕ್ಕಿ ಹುರಿಯುವ ಸದ್ದೇ ಜಾಸ್ತಿ ಕೇಳುತ್ತಿತ್ತು. ನಾನೂ 1991ರಲ್ಲಿ ಒಂದನ್ನು ಚಳಿಗಾಲದ ಕಾರಿನಿಂದ ನೇರ ಬೆಚ್ಚಗಿನ ಕೈಯಲ್ಲಿ ಹಿಡಿದು ಸೀಳಿಸಿದ್ದೇನೆ. ಅದರಲ್ಲಿ ಬೂಷ್ಟು ಕೂಡ ಇರಲಿಲ್ಲ.

ಯಂತ್ರ ಬೇಕಾದರೆ ಆಂಬರೋಲಾ 30 ಹುಡುಕಿ. 1915ರದ್ದು, ಮೇಜಿನ ಮೇಲೆ ಇಡುವಂಥದ್ದು, ಆಗಿನ ಬೆಲೆ 30 ಡಾಲರ್ ಆದ್ದರಿಂದ ಆ ಹೆಸರು. ಅದು ನಾಲ್ಕು ನಿಮಿಷದ್ದನ್ನು ಮಾತ್ರ ನುಡಿಸುತ್ತದೆ, ನಿಮ್ಮ ನೀಲಿಯವಕ್ಕೆ ಸರಿ. ಎರಡು ನಿಮಿಷದ ಕಪ್ಪಿನದಕ್ಕೆ ಗೆರೆಯೇ ಬೇರೆ, ಮುಳ್ಳೇ ಬೇರೆ. ಆದರೆ ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಲೈಬ್ರರಿಯವರು ಹತ್ತು ಸಾವಿರಕ್ಕಿಂತ ಜಾಸ್ತಿ ಸಿಲಿಂಡರುಗಳನ್ನು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಪುಕ್ಕಟೆ. ನಿಮ್ಮ ಅಂಚಿನ ನಂಬರ್ ಹಾಕಿ ಹುಡುಕಿ.

ಗೂಟಕ್ಕೆ ಹಾಕುವಾಗ ಒಂದು ನೆನಪಿರಲಿ. ಕೊಳವೆಯ ಒಂದು ಬಾಯಿ ಸ್ವಲ್ಪ ಅಗಲ, ಇನ್ನೊಂದು ಕಿರಿದು. ಅಗಲದ ಬಾಯಿ ಕೆಳಗೆ. ಹೆಸರಿರುವ ಅಂಚು ಆಗ ತಾನೇ ಮೇಲೆ ಬರುತ್ತದೆ. ಒತ್ತಬೇಡಿ, ಸಡಿಲವಾಗಿ ಕೂರಬೇಕು. ಲೇತು ಅವರೇ, ಅದಕ್ಕೇ ಹೊಸ ಗೂಟ ಒಂದು ಎಳೆಯಷ್ಟು ಸಣ್ಣದಿದ್ದರೂ ಪರವಾಗಿಲ್ಲ, ದಪ್ಪ ಆಗಬಾರದು.

ತಿಪಟೂರು ಸೊಸೆ:

ಒಂದು ವಾರದ ವರದಿ.

ಸ್ಪಿರಿಟ್ ಪರೀಕ್ಷೆ ಮಾಡಿದೆ. ಹತ್ತಿ ಅಂಟಿಕೊಂಡಿತು, ಅರಗೇ. ಮಿನರಲ್ ಸ್ಪಿರಿಟ್ಟಿನಲ್ಲಿ ಒರೆಸಿದಾಗ ನಾಲ್ಕು ಹಳೇ ಬನಿಯನ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದವು. ಹುಲಿ ಪಟ್ಟೆ ಬಾಗಿಲ ಮೇಲೆ ಎದ್ದು ಬಂತು, ಪಕ್ಕದ ಹಲಗೆಗಳಲ್ಲಿ ಇಲ್ಲ. ಬ್ರಷ್ಷಿನ ಕೆಲಸ ಎಡಗಡೆ ಮಾತ್ರ ಆಗಿದೆ. ಒಂದು ಕಡೆ ಜಾಸ್ತಿ ತೀಡಿ ಮಸುಕಾಯಿತು. ಹೇಳಿದ್ದಿರಿ, ಕೇಳಲಿಲ್ಲ.

ಗೂಟದ ಅಳತೆ ಲೇತು ಅವರಿಗೆ ಕಳಿಸಿದ್ದೇನೆ. ಅತ್ತೆ ಏಪ್ರಿಲ್‌ನಲ್ಲಿ ಊರಿಗೆ ಹೋಗುತ್ತಾರೆ, ನಮ್ಮ ನಾದಿನಿ ಜೂನ್‌ನಲ್ಲಿ ಬರುತ್ತಾಳೆ. ಅವಳ ಕೈಲಿ ಏಳು ಗೂಟ, ಜೊತೆಗೆ ಒಂದು ಡಬ್ಬ ಕೊಬ್ಬರಿ ಮಿಠಾಯಿ ಬರುತ್ತದೆ.

ನೀಲಿ ಸಿಲಿಂಡರಿನ ನಂಬರ್ ಹಾಕಿ ಹುಡುಕಿದೆ ಸಾರ್. ಒಂದು ಸಿಕ್ಕಿತು. ಬ್ಯಾಂಡ್ ಸೆಟ್ಟಿನವರ ಮಾರ್ಚು. ಫೋನನ್ನು ಕಪಾಟಿನ ಮೇಲೆ ಇಟ್ಟು, ಸಿಲಿಂಡರನ್ನು ಅದರ ಪಕ್ಕದಲ್ಲಿ ನಿಲ್ಲಿಸಿ, ಎಲ್ಲರೂ ಕೂತು ಕೇಳಿದೆವು. ನಾಲ್ಕು ನಿಮಿಷ ಪೂರ್ತಿ. ನಮ್ಮ ಮನೆಯವರು ಮಧ್ಯದಲ್ಲಿ ಎದ್ದು ಹೋಗಲಿಲ್ಲ, ಅದೇ ದೊಡ್ಡದು. ಅತ್ತೆ ಮಾತ್ರ "ಹಾಡು ಫೋನಲ್ಲೇ ಬಂತಲ್ಲೇ, ಹಾಗಿದ್ರೆ ಆ ಗೂಟ ಖಾಲಿನೇ ಅಲ್ವಾ?" ಅಂದರು.

ಮೇಲಿನ ಡ್ರಾಯರ್ ಈಗ ಬಳೆಗೆ. ಕೆಳಗಿನದರಲ್ಲಿ ನೀಲಿಯವು ಎರಡು, ಸೀಳಿದ ಕಪ್ಪಿನದೂ ಒಂದು, ಅಗಲದ ಬಾಯಿ ಕೆಳಗೆ. ನಡುವಿನ ಮೂರು ಖಾಲಿ ಇವೆ. ಯಾರಾದರೂ ಸಿಲಿಂಡರ್ ಮಾರುವುದಿದ್ದರೆ ತಿಳಿಸಿ, ಬೂಷ್ಟು ಇಲ್ಲದ್ದು ಇರಲಿ. ಇನ್ನು ಆ ಬೀಗಕ್ಕೆ ಕೀ ಎಲ್ಲಿ ಮಾಡಿಸುವುದು ಅಂತಲೂ ಗೊತ್ತಿದ್ದರೆ ಹೇಳಿ.